5882353 ಯಾರದ್ದು?

ಮಾನ್ವಿ
15 ಸೆಪ್ಟೆಂಬರ್ 2024

ಅನು,

ನನ್ನ ತಮ್ಮ ಮುಜಾಹಿದ್‌ನ ಮದುವೆಗೆ ನೀನು ದೇವದುರ್ಗದಿಂದ ಬಸ್ಸು ಹಿಡಿದು ಬಂದೆ, ಹೊಟ್ಟೆ ತುಂಬ ಉಂಡೆ, ನಮ್ಮ ಅಮ್ಮಿಯ ಕೈ ಹಿಡಿದು ಎರಡು ಒಳ್ಳೆಯ ಮಾತಾಡಿದೆ. ಎಲ್ಲ ಸರಿ. ಆದರೆ ಹೊರಡುವ ಮುಂಚೆ ಮನೆಯ ಮಕ್ಕಳನ್ನೆಲ್ಲ ಸುತ್ತ ಕೂಡಿಸಿಕೊಂಡು ಒಂದು ಪಾಠ ಮಾಡಿದೆಯಲ್ಲ, ಅದಕ್ಕೆ ನನ್ನ ಮೈ ಇನ್ನೂ ಉರಿಯುತ್ತಿದೆ. ಮುಯ್ಯಿಯ ಲಕೋಟೆಗೆ ಒಂದು ರೂಪಾಯಿಯ ನಾಣ್ಯ ಯಾಕೆ ಅಂಟಿಸಿರುತ್ತಾರೆ ಎಂದು ಒಂದು ಹುಡುಗಿ ಕೇಳಿದಳು. ನೀನು ಗಣಿತದ ಟೀಚರು. ಏನೂ ಯೋಚಿಸದೆ, "ಕಡೀಗೆ ಒಂದು ಕೂಡಿಸಿದ್ರ ಆ ಸಂಖ್ಯೆನ ಯಾರಿಗೂ ಒಡ್ಯಾಕ ಆಗೂದಿಲ್ಲ, ಗಂಡ ಹೆಂಡ್ತಿನೂ ಹಂಗ ಇರ್ಲಿ ಅಂತ" ಎಂದುಬಿಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅಮ್ಮಿಗೆ ಕಣ್ಣಲ್ಲಿ ನೀರು ಬಂತು. ನಾನು ಮದುವೆಮನೆ ಎಂದು ಬಾಯಿ ಮುಚ್ಚಿಕೊಂಡೆ.

ಈಗ ಕೇಳು. ಹನ್ನೊಂದು ಒಡೆಯುವುದಿಲ್ಲ, ಒಪ್ಪಿದೆ. ನೂರಾ ಒಂದೂ ಒಡೆಯುವುದಿಲ್ಲ. ಸಾವಿರದ ಒಂದು? ಏಳು, ಹನ್ನೊಂದು, ಹದಿಮೂರು ಮೂರೂ ಸೇರಿ ಅದನ್ನು ಹಂಚಿಕೊಂಡು ಕೂತಿವೆ. ಹತ್ತು ಸಾವಿರದ ಒಂದು 73ಕ್ಕೆ ಒಡೆಯುತ್ತದೆ. ಲಕ್ಷದ ಒಂದು ಮತ್ತೆ ಹನ್ನೊಂದಕ್ಕೆ. ಹತ್ತು ಲಕ್ಷದ ಒಂದನ್ನು ಒಡೆಯುವುದು ಯಾರು ಗೊತ್ತೇ? ನಿನ್ನ ಆ ನೂರಾ ಒಂದೇ! ಕೋಟಿ ಒಂದಕ್ಕೆ ಪುನಃ ಹನ್ನೊಂದು. ಸಿಟ್ಟಿನ ಭರದಲ್ಲಿ ಹತ್ತು ಕೋಟಿ ಒಂದರ ತನಕ ಹೋದೆ. ಅದು ಹದಿನೇಳಕ್ಕೆ ಮುರಿಯಿತು. ಹದಿನೇಳರಿಂದ ಭಾಗಿಸಿದರೆ ಉಳಿಯುವುದು 58,82,353. ಇದು ಮಾತ್ರ ಯಾವುದಕ್ಕೂ ಜಗ್ಗುತ್ತಿಲ್ಲ. ಶಾಲೆ ಬಿಟ್ಟು ಬಂದ ಮೇಲೆ ದಿನಾ ಒಂದಿಷ್ಟು ಭಾಗಿಸಿ ನೋಡುತ್ತಿದ್ದೇನೆ. ಅಮ್ಮಿ, ಹುಡುಗಿಗೆ ಏನೋ ಆಗಿದೆ ಎಂದು ಮುಜಾಹಿದ್‌ನ ಹೆಂಡತಿಯ ಹತ್ತಿರ ಪಿಸುಗುಡುತ್ತಿದ್ದಾಳೆ.

ಫೋನಿನಲ್ಲಿ ಕಳಿಸಬಾರದಿತ್ತೇ ಎನ್ನಬೇಡ. ಈ ಸಂಖ್ಯೆಯನ್ನು ಅಲ್ಲಿ ಬರೆದರೆ ಅದರ ಕೆಳಗೆ ನೀಲಿ ಗೆರೆ ಎಳೆದು, ಕರೆ ಮಾಡಲೇ ಎಂದು ಕೇಳುತ್ತದೆ. ರಾಯಚೂರಿನ ಹಾಸ್ಟೆಲ್ ಬಿಟ್ಟ ದಿನ ನಾವಿಬ್ಬರೂ ಮಾಡಿಕೊಂಡ ಮಾತು ಮಾತೇ. ಗಣಿತವೆಲ್ಲ ಕಾಗದದಲ್ಲಿ, ಮನೆಯ ಸುದ್ದಿ ಫೋನಿನಲ್ಲಿ.

ಮಕ್ಕಳಿಗೆ ಹೇಳಿದ ಸುಳ್ಳನ್ನು ಮುಂದಿನ ಸಲ ಬಂದಾಗ ತಿದ್ದಬೇಕು. ಇಲ್ಲದಿದ್ದರೆ ನಾನೇ ತಿದ್ದುತ್ತೇನೆ, ನಿನ್ನ ಹೆಸರು ಹೇಳಿ.

ನಿನ್ನ ಅರೀಬಾ


ದೇವದುರ್ಗ
29 ಸೆಪ್ಟೆಂಬರ್ 2024

ಅರೀಬಾ,

ಯವ್ವಾ ತಾಯಿ, ತಪ್ಪಾಯಿತು. ಮದುವೆಮನೆಯಲ್ಲಿ ಏಳು, ಹನ್ನೊಂದು, ಹದಿಮೂರು ಎಂದು ಹೇಳಿದ್ದರೆ ನಿಮ್ಮ ಹೊಸ ಸೊಸೆ ಏನು ತಿಳಿದುಕೊಳ್ಳುತ್ತಿದ್ದಳು? ಹತ್ತು ಕೋಟಿ ಒಂದು ಮುಯ್ಯಿ ಮಾಡುವವರು ನಮ್ಮ ಕಡೆ ಯಾರಿದ್ದಾರೆ ಹೇಳು. ಇದ್ದರೆ ನನ್ನ ಮನೆ ತೋರಿಸು.

ತಮಾಷೆ ಬಿಟ್ಟೆ. ನಿನ್ನ ಕಾಗದ ಓದಿ ರೊಟ್ಟಿ ಸುಡುವುದನ್ನು ಮರೆತೆ. ನಾನೂ ಆ ಸಂಖ್ಯೆಯನ್ನು ಹಿಡಿದು ಕೂತೆ. ಸಾವಿರದ ಒಳಗೆ ಏನೂ ಸಿಗಲಿಲ್ಲ.

ಒಂದು ಕೆಲಸ ಇದೆ. ಡಿಸೆಂಬರಿನಲ್ಲಿ ರಾಯಚೂರಿನಲ್ಲಿ ಜಿಲ್ಲೆಯ ಗಣಿತ ಪ್ರದರ್ಶನ. ಅರಕೇರಾದ ನಮ್ಮ ಶಾಲೆಯಿಂದ ಇಷ್ಟು ವರ್ಷ ಯಾರೂ ಹೋಗಿಲ್ಲ. ಈ ಸಲ ನಾನೇ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಎಂದು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿಬಿಟ್ಟಿದ್ದೇನೆ. ಈಗ ಕೈಯಲ್ಲಿ ಏನೂ ಇಲ್ಲ. ಥರ್ಮಾಕೋಲಿನ ಪಿರಮಿಡ್ಡು ಮಾಡಿಕೊಂಡು ಹೋದರೆ ನಗುತ್ತಾರೆ. ನಿನ್ನ ಆ ಸಂಖ್ಯೆ ಏನಾದರೂ ಬಾಯಿಬಿಟ್ಟರೆ ನನಗೆ ಕೊಡುತ್ತೀಯಾ?

ಅನು


ಮಾನ್ವಿ
20 ಅಕ್ಟೋಬರ್ 2024

ಅನು, ಅನು, ಅನು,

ಬಾಯಿ ಬಿಟ್ಟಿತು.

ಮೊದಲು ಸಣ್ಣ ಸುದ್ದಿ. ಎರಡು ಸಾವಿರದ ನಾನೂರಾ ಇಪ್ಪತ್ತೈದರ ತನಕ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಿದೆ. ವರ್ಗಮೂಲ ದಾಟಿದ ಮೇಲೆ ಮುಂದೆ ನೋಡುವ ಅಗತ್ಯವಿಲ್ಲ ಎಂದು ನಿನಗೆ ಹೇಳಬೇಕಿಲ್ಲ. ಒಡೆಯುವುದಿಲ್ಲ. ಅದು ಅವಿಭಾಜ್ಯ.

ಈಗ ದೊಡ್ಡದು. ನಿನ್ನೆ ಶಾಲೆಯ ಹಲಗೆಯ ಮೇಲೆ ಅದನ್ನು ಬರೆದಿದ್ದೆ. ಆರನೆಯ ತರಗತಿಯ ಒಬ್ಬ ಹುಡುಗಿಗೆ ಕಾಮಾ ಎಲ್ಲಿ ಹಾಕಬೇಕು ಎಂದು ತೋರಿಸಲು, ಬೇಕೆಂದೇ ಕಾಮಾ ಇಲ್ಲದೆ 5882353 ಎಂದು ಬರೆದೆ. ಸೀಮೆಸುಣ್ಣ ಹಿಡಿದು ನೋಡುತ್ತ ನಿಂತೆ. ಕಾಮಾ ಹೋದ ಮೇಲೆ ಅದರ ಮುಖವೇ ಬೇರೆ. ನಾವು ಲಕ್ಷ, ಸಾವಿರ ಎಂದು ಕಲಿತವರು. ನಮ್ಮ ಕಣ್ಣು ತಾನಾಗಿ 58, 82, 353 ಎಂದೇ ಕತ್ತರಿಸುತ್ತದೆ. ಅದನ್ನು ಹಾಗೆ ಕತ್ತರಿಸಬಾರದು. 588 ಈ ಕಡೆ, 2353 ಆ ಕಡೆ. ಈಗ ಎರಡನ್ನೂ ವರ್ಗ ಮಾಡು. 588ರ ವರ್ಗ 345744. 2353ರ ವರ್ಗ 5536609. ಕೂಡಿಸು. ನಾನು ಹೇಳುವುದಿಲ್ಲ, ನೀನೇ ಕೂಡಿಸು.

ಕೂಡಿಸಿದೆಯಾ? ಎರಡು ತುಂಡು ಮಾಡಿ, ಒಂದೊಂದನ್ನೂ ಅದರಿಂದಲೇ ಗುಣಿಸಿ ಕೂಡಿಸಿದರೆ ಮತ್ತೆ ಅದೇ ಎದ್ದು ನಿಲ್ಲುತ್ತದೆ! ನಾನು ಹಲಗೆಯ ಮುಂದೆ ಜೋರಾಗಿ ನಕ್ಕುಬಿಟ್ಟೆ, ಮಕ್ಕಳಿಗೂ ನಗು ಬಂತು, ಯಾಕೆಂದು ಅವಕ್ಕೆ ಗೊತ್ತಿಲ್ಲ. ಪಕ್ಕದ ಕೋಣೆಯಿಂದ ಪರ್ವೇಜ್ ಸರ್ ಇಣುಕಿ ನೋಡಿ ಹೋದರು.

ಪ್ರಪಂಚದಲ್ಲಿ ಯಾರೋ ಇದನ್ನು ಮೊದಲೇ ನೋಡಿರಬಹುದು. ನೋಡಿರಲಿ. ನನಗೆ ಯಾರೂ ಹೇಳಿಕೊಡಲಿಲ್ಲ.

ತಗೋ, ರಾಯಚೂರಿಗೆ ಒಯ್ಯಿ. ಎರಡು ಷರತ್ತು. ಚಾರ್ಟಿನ ಮೇಲೆ ಕಾಮಾ ಹಾಕಬೇಡ, ಹಾಕಿದರೆ ಯಾರಿಗೂ ಅದು ಕಾಣುವುದಿಲ್ಲ. ಮತ್ತೆ ಕೆಳಗೆ ಇಬ್ಬರ ಹೆಸರೂ ಬರೆ. ಹೆಸರು ಯಾಕೆ ಕೇಳುತ್ತಿದ್ದೇನೆ ಎಂದರೆ, ಹೆಡ್ಮಾಸ್ತರು ಸೈಫುದ್ದೀನ್ ಸರ್ ಜನವರಿಯಿಂದ ಹತ್ತನೆಯ ತರಗತಿಯ ಗಣಿತ ನನಗೆ ಕೊಡುವ ಯೋಚನೆಯಲ್ಲಿದ್ದಾರೆ. ಇಷ್ಟು ವರ್ಷ ಆರು, ಏಳರಲ್ಲೇ ಇಟ್ಟರು. ಹೆಣ್ಣುಮಕ್ಕಳಿಗೆ ಹತ್ತರ ಒತ್ತಡ ತಡೆಯಲಿಕ್ಕೆ ಆಗುವುದಿಲ್ಲವಂತೆ. ಜಿಲ್ಲೆಯ ಪ್ರದರ್ಶನದಲ್ಲಿ ನನ್ನ ಹೆಸರು ಕಂಡರೆ ಅವರ ಆ ಮಾತಿಗೆ ಉತ್ತರ ಸಿಕ್ಕಂತಾಗುತ್ತದೆ. ನನಗೆ ಆ ತರಗತಿ ಬೇಕು ಅನು. ಬೇಕೇ ಬೇಕು.

ಅರೀಬಾ


ದೇವದುರ್ಗ
24 ಡಿಸೆಂಬರ್ 2024

ಪ್ರೀತಿಯ ಅರೀಬಾ,

ಗೆದ್ದೆವು! ಮೊದಲ ಬಹುಮಾನ. ನಮ್ಮ ಸಂಖ್ಯೆಯ ಮುಂದೆ ಜನ ಮುಗಿಬಿದ್ದಿದ್ದರು. ನನ್ನ ಮಕ್ಕಳು ರಾಯಚೂರನ್ನು ನೋಡಿದ್ದೇ ಮೊದಲ ಸಲ, ಬಹುಮಾನದ ಕಪ್ಪನ್ನು ಬಸ್ಸಿನಲ್ಲಿ ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಸಾಗಿಸುತ್ತ ಬಂದರು. ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂದಿದೆ, ನೋಡಿರುತ್ತೀ.

ನಡುವೆ ಸ್ವಲ್ಪ ಗೊಂದಲವಾಯಿತು. ದೊಡ್ಡ ಸಂಖ್ಯೆಗೆ ಕಾಮಾ ಇಲ್ಲದಿದ್ದರೆ ಅಕ್ಷರ ಬಾರದವರು ಬರೆದಂತೆ ಕಾಣುತ್ತದೆ ಎಂದು ನಮ್ಮ ಹೆಡ್ಮಾಸ್ತರು ವಿರೂಪಣ್ಣ ಸರ್ ಹಟ ಹಿಡಿದರು. ಹಾಕಿಸಿದೆ. ತೀರ್ಪುಗಾರರು ಕಾಮಾ ಇದ್ದಲ್ಲಿ ಕತ್ತರಿಸಿ 58, 82, 353ರ ವರ್ಗಗಳನ್ನು ಕೂಡಿ, ಒಂದು ಲಕ್ಷ ಚಿಲ್ಲರೆ ಬರುತ್ತದೆ, ಇದು ತಪ್ಪು ಎಂದರು. ಆಮೇಲೆ ಹೇಗೋ ತಿಳಿಸಿ ಹೇಳಿದೆ. ಚಾರ್ಟಿನ ಕೆಳಗೆ ಜಾಗ ಉಳಿಯಲಿಲ್ಲ, ಶಾಲೆಯ ಹೆಸರೇ ಉದ್ದವಾಯಿತು. ನಿನ್ನ ಷರತ್ತು ಎರಡೂ ಮುರಿದೆ, ಬೈಯಬೇಡ.

ಹತ್ತನೆಯ ತರಗತಿ ಸಿಕ್ಕಿತೇ? ಪೇಢೆ ಕಳಿಸು.

ನಿನ್ನ ಅನು


ಮಾನ್ವಿ
6 ಜನವರಿ 2025

ಅನುರಾಧಾ,

ಸಿಕ್ಕಲಿಲ್ಲ.

ಪ್ರದರ್ಶನಕ್ಕೆ ನಮ್ಮ ಶಾಲೆಯಿಂದ ಪರ್ವೇಜ್ ಸರ್ ಬಂದಿದ್ದರು. ನಿನಗೆ ಅವರ ಪರಿಚಯವಿಲ್ಲ. ತೀರ್ಪುಗಾರರು ನಿನ್ನ ಚಾರ್ಟಿನ ಮುಂದೆ ನಿಂತು ನಕ್ಕಾಗ ಅವರು ನಿನ್ನ ಬೆನ್ನ ಹಿಂದೆಯೇ ನಿಂತಿದ್ದರು. ಆಗ ನೀನು ಅಂದ ಮಾತನ್ನು ಅವರು ನಮ್ಮ ಸ್ಟಾಫ್ ರೂಮಿನಲ್ಲಿ ಹಾಗೆ ಹಾಗೆಯೇ ಹೇಳಿದರು. "ಇದು ನಂದಲ್ರೀ ಸರ್, ಮಾನ್ವಿ ಶಾಲಿ ಅರೀಬಾ ಮೇಡಂ ಕೊಟ್ಟಿದ್ರು. ನಾ ಪರೀಕ್ಷಾ ಮಾಡಿ ನೋಡಿಲ್ರೀ."

ನೋಡಿಲ್ಲವೇ? ರೊಟ್ಟಿ ಸುಡುವುದನ್ನು ಮರೆತು ಕೂತವಳು ನೋಡಿಲ್ಲವೇ?

ಪರ್ವೇಜ್ ಸರ್‌ಗೆ ಬಸ್ಸಿನ ಹೊತ್ತಾಗಿತ್ತು, ಅಷ್ಟನ್ನೇ ಕೇಳಿಕೊಂಡು ಹೊರಟುಬಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅರೀಬಾ ಮೇಡಂ ಲೆಕ್ಕ ರಾಯಚೂರಿನಲ್ಲಿ ತಪ್ಪಾಯಿತಂತೆ, ಪಾಪ ಎಂದರು. ಆ ಪಾಪ ಸೈಫುದ್ದೀನ್ ಸರ್ ಕಿವಿಗೆ ಬಿತ್ತು. ಜನವರಿ ಎರಡಕ್ಕೆ ಹತ್ತನೆಯ ತರಗತಿಯ ಗಣಿತ ಪರ್ವೇಜ್ ಸರ್‌ಗೆ ಹೋಯಿತು. ನನ್ನನ್ನು ಕರೆದು, ಆರನೆಯ ತರಗತಿಯಲ್ಲಿ ತಪ್ಪಾದರೂ ನಡೆಯುತ್ತದೆ ಮೇಡಂ, ಹತ್ತರಲ್ಲಿ ನಡೆಯುವುದಿಲ್ಲ ಎಂದರು. ನಾನು ಹೊರಗೆ ಬಂದು ಆರನೆಯ ತರಗತಿಗೆ ಹೋದೆ.

ಆ ಮೇಲೆ ನಿನ್ನ ಫೋಟೋ ಇದ್ದ ಹಳೆಯ ಪತ್ರಿಕೆ ನನ್ನ ಕೈಗೆ ಸಿಕ್ಕಿತು. ದೇವದುರ್ಗದ ಶಿಕ್ಷಕಿ ಕಂಡ ವಿಸ್ಮಯ ಸಂಖ್ಯೆ ಎಂದು ಅದರಲ್ಲಿ ಬರೆದಿದೆ. ಅಂದರೆ ಆ ಮೇಲೆ ಯಾರೋ ಕ್ಯಾಲ್ಕುಲೇಟರ್ ತೆಗೆದಿದ್ದಾರೆ, ಸರಿ ಬಂದಿದೆ, ಎಲ್ಲರೂ ಚಪ್ಪಾಳೆ ತಟ್ಟಿದ್ದಾರೆ. ಅಲ್ಲಿದ್ದ ಇನ್ನೊಬ್ಬ ಟೀಚರನ್ನು ಹುಡುಕಿ ಕೇಳಿದೆ. ಚಪ್ಪಾಳೆಯಾದಾಗ ಆ ಮೇಡಂ ಯಾರ ಹೆಸರನ್ನೂ ಹೇಳಲಿಲ್ಲ, ಕೈ ಮುಗಿದು ನಿಂತಿದ್ದರು ಎಂದರು.

ತಪ್ಪು ಅಂದಾಗ ಅದು ನನ್ನದು. ಸರಿ ಅಂದಾಗ ನಿನ್ನದು. ಇನ್ನು ನನಗೆ ಬರೆದ ಕಾಗದದಲ್ಲಿ ನಮ್ಮದು! ಇಷ್ಟೊಂದು ನಾಚಿಕೆ ಬಿಟ್ಟವಳು ನೀನು ಎಂದು ನನಗೆ ಗೊತ್ತಿರಲಿಲ್ಲ. ತಪ್ಪು ಹುಟ್ಟಿದ್ದು ಕಾಮಾದಿಂದ. ಹಾಕಬೇಡ ಎಂದವಳು ನಾನು, ಹಾಕಿದವಳು ನೀನು. ನಿನ್ನ ಕಾಮಾದ ಹೊಣೆಯನ್ನು ನನ್ನ ತಲೆಗೆ ಕಟ್ಟಿ ಬಂದಿದ್ದೀ.

ಪೇಢೆ ಕೇಳಿದ್ದೆಯಲ್ಲ. ಪರ್ವೇಜ್ ಸರ್ ಹಂಚಿದರು. ನಾನೂ ಒಂದು ತಿಂದೆ.

ಅರೀಬಾ


ದೇವದುರ್ಗ
12 ಜನವರಿ 2025

ಅರೀಬಾ,

ನಿನ್ನ ಕಾಗದ ಓದಿ ನನಗೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ನಿನಗೆ ಆ ಹಾಲ್ ಗೊತ್ತಿಲ್ಲ. ದೊಡ್ಡ ದೊಡ್ಡ ಶಾಲೆಗಳವರು ಟೈ ಕಟ್ಟಿಕೊಂಡು ನಿಂತಿದ್ದರು. ನಮ್ಮ ಮಕ್ಕಳ ಕಾಲಲ್ಲಿ ಹವಾಯಿ ಚಪ್ಪಲಿ. ಆ ಮನುಷ್ಯ ನಕ್ಕಾಗ ಸುತ್ತ ಇದ್ದವರೆಲ್ಲ ನಕ್ಕರು. ನನ್ನ ಮಕ್ಕಳು ನನ್ನ ಮುಖ ನೋಡಿದರು. ಆ ಒಂದು ನಿಮಿಷ ನನ್ನ ಬಾಯಿಂದ ಏನು ಬಂತೋ ನನಗೇ ಗೊತ್ತಿಲ್ಲ. ಬೇಕೆಂದು ಹೇಳಿದ್ದಲ್ಲ. ಆಮೇಲೆ ಮೈಕಿನಲ್ಲಿ ಹೆಸರು ಕೂಗಿದರು, ಎಳೆದುಕೊಂಡು ಹೋಗಿ ನಿಲ್ಲಿಸಿದರು, ಫೋಟೋ ತೆಗೆದರು. ನಡುವೆ ತಡೆದು ನಿನ್ನ ಹೆಸರು ಹೇಳುವ ಧೈರ್ಯ ಆಗಲಿಲ್ಲ. ಇಷ್ಟೇ ನನ್ನ ಅಪರಾಧ. ಇದಕ್ಕೆ ನಾಚಿಕೆ ಬಿಟ್ಟವಳು ಎಂದೆಯಲ್ಲ.

ನಿಮ್ಮ ಹೆಡ್ಮಾಸ್ತರು ಒಂದು ಗಾಳಿಮಾತು ಕೇಳಿ ತರಗತಿ ಕಿತ್ತುಕೊಂಡರೆ ಅದು ಅವರ ಬುದ್ಧಿ. ಅವರ ಸಿಟ್ಟನ್ನು ನನ್ನ ಮೇಲೆ ತೀರಿಸಬೇಡ. ಇನ್ನೊಂದು ಮಾತು. ನಾನು ಅಂತರ್ಜಾಲದಲ್ಲಿ ಹುಡುಕಿದೆ. ನಿನ್ನ ಸಂಖ್ಯೆ ಅಲ್ಲಿ ಮೊದಲೇ ಇದೆ. ಎಷ್ಟೋ ಜನರಿಗೆ ಗೊತ್ತು. ಆದ್ದರಿಂದ ಅದು ನನ್ನದೂ ಅಲ್ಲ, ನಿನ್ನದೂ ಅಲ್ಲ. ಯಾರದ್ದೂ ಅಲ್ಲದ್ದಕ್ಕೆ ನಾವಿಬ್ಬರು ಯಾಕೆ ಹೊಡೆದಾಡಬೇಕು?

ಅನುರಾಧಾ


ಮಾನ್ವಿ
18 ಜನವರಿ 2025

ಅನುರಾಧಾ ಮೇಡಂ ಅವರಿಗೆ,

ಯಾರದ್ದೂ ಅಲ್ಲದ ಸಂಖ್ಯೆಯನ್ನು ಆ ಮನುಷ್ಯ ತಪ್ಪು ಎಂದಾಗ, ಇದು ಯಾರದ್ದೂ ಅಲ್ಲ ಸರ್ ಎಂದು ಯಾಕೆ ಹೇಳಲಿಲ್ಲ?

ಮೊದಲು ಕಂಡವಳು ನಾನು ಎಂದು ಯಾವತ್ತೂ ಹೇಳಿಲ್ಲ. ನನ್ನ ಅಕ್ಟೋಬರಿನ ಕಾಗದ ತೆಗೆದು ಓದಿ. ನಿಮಗೆ ಹೇಳಿದವಳು ನಾನು. ಅಷ್ಟೇ ನಾನು ಕೇಳಿದ್ದು.

ನನಗೆ ಕ್ಷಮೆ ಕೇಳಿ ಬರೆಯಬೇಡಿ. ಅವಮಾನ ಆದದ್ದು ಜನರ ನಡುವೆ, ಕ್ಷಮೆ ಲಕೋಟೆಯ ಒಳಗೆ ಎಂದರೆ ನನಗೆ ಬೇಡ. ನನ್ನ ಹೆಸರನ್ನು ಎಲ್ಲಿ ಕೆಡಿಸಿದಿರೋ ಅಲ್ಲಿ, ಅವರ ಎದುರಿಗೆ ಸರಿ ಮಾಡಿ. ಆ ತನಕ ಕಾಗದ ಬೇಡ, ಫೋನೂ ಬೇಡ.

ಅರೀಬಾ


ದೇವದುರ್ಗ
27 ಫೆಬ್ರವರಿ 2025

ಅರೀಬಾ,

ಬರೆಯಬೇಡ ಎಂದಿದ್ದೆ, ಬರೆಯಲಿಲ್ಲ. ಈಗ ಬರೆಯುವ ಹಕ್ಕು ಬಂದಿದೆ ಎಂದುಕೊಂಡಿದ್ದೇನೆ.

ನಿನ್ನ ಕಾಗದ ಬಂದ ಮೇಲೆ ಮೊದಲು ಹರಿದು ಹಾಕಬೇಕೆನಿಸಿತು. ಮರುದಿನ ಶಾಲೆಯಲ್ಲಿ ನನ್ನ ಮಕ್ಕಳಲ್ಲಿ ಒಬ್ಬಳು ಕೇಳಿದಳು. "ಮೇಡಂ, ಅರೀಬಾ ಮೇಡಂಗೂ ಕಪ್ ಕೊಟ್ಟಾರೇನ್ರೀ?" ಅವಳು ಆ ದಿನ ನನ್ನ ಪಕ್ಕದಲ್ಲೇ ನಿಂತಿದ್ದಳು, ನಾನು ನಿನ್ನ ಹೆಸರು ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಇಲ್ಲ ಎಂದೆ. ಯಾಕೆ ಎಂದಳು. ಆ ರಾತ್ರಿ ನಿನ್ನ ಅಕ್ಟೋಬರಿನ ಕಾಗದ ತೆಗೆದು ಓದಿದೆ ಅರೀಬಾ.

ಕಳೆದ ವಾರ ರಾಯಚೂರಿನಲ್ಲಿ ಗಣಿತ ಶಿಕ್ಷಕರ ತರಬೇತಿ ಇತ್ತು, ಅದೇ ಹಾಲ್. ಊಟಕ್ಕೆ ಬಿಡುವ ಮುಂಚೆ ಮೈಕ್ ಕೇಳಿ ತೆಗೆದುಕೊಂಡೆ. ಸಂಖ್ಯೆ ಮಾನ್ವಿಯ ಅರೀಬಾ ಹೇಳಿದ್ದು, ಕಾಮಾ ನಾನು ಹಾಕಿದ್ದು, ಪರೀಕ್ಷಿಸಿ ನೋಡಿಲ್ಲ ಎಂದದ್ದು ಸುಳ್ಳು ಎಂದು ಹೇಳಿದೆ. ಹಿಂದಿನ ಸಾಲಿನವರು ತಟ್ಟೆ ಹಿಡಿದು ಎದ್ದಿದ್ದರು. ಆ ತೀರ್ಪುಗಾರರು ಮುಂದಿನ ಸಾಲಿನಲ್ಲಿದ್ದರು. "ಆತು ಬಿಡ್ರಿ ಮೇಡಂ, ಯಾರದಾದ್ರೇನು, ಸಂಖ್ಯೆ ಸಂಖ್ಯೆನ ಅಲ್ಲೇನ್ರಿ" ಎಂದು ನಕ್ಕರು. ನಾನು ನಿನಗೆ ಬರೆದ ಮಾತೇ ಅವರ ಬಾಯಿಂದ ಬಂತು. ಸರ್, ನೀವು ನಕ್ಕಿದ್ದು ಸಂಖ್ಯೆಯನ್ನು ನೋಡಿ ಅಲ್ಲ, ಹವಾಯಿ ಚಪ್ಪಲಿ ನೋಡಿ ಎಂದುಬಿಟ್ಟೆ. ಊಟ ಮಾಡದೆ ಬಂದೆ.

ಅಲ್ಲಿಂದ ಸೀದಾ ಮಾನ್ವಿಯ ಬಸ್ಸು ಹತ್ತಿ ನಿಮ್ಮ ಹೆಡ್ಮಾಸ್ತರ ಕೋಣೆಗೆ ಹೋದೆ. ಎಲ್ಲ ಹೇಳಿದೆ. ವೇಳಾಪಟ್ಟಿ ಈಗಾಗಲೇ ಗೋಡೆಗೆ ಹಚ್ಚಿ ಆಗಿದೆ, ನೋಡೋಣ ಎಂದರು. ಒಂದು ಹಾಳೆ ಬದಲಾಯಿಸಲು ಇವರಿಗೆ ಇಷ್ಟು ಕಷ್ಟ! ನೀನು ತರಗತಿಯಲ್ಲಿದ್ದೆ. ಕಿಟಕಿಯಿಂದ ನಿನ್ನ ದನಿ ಕೇಳಿಸಿತು, ಭಿನ್ನರಾಶಿ ಹೇಳುತ್ತಿದ್ದೆ. ಒಳಗೆ ಬರದೆ ಬಸ್ ಸ್ಟ್ಯಾಂಡಿಗೆ ನಡೆದೆ.

ನೀನು ಹೇಳಿದ್ದನ್ನು ಮಾಡಿದ್ದೇನೆ. ಇನ್ನು ಬೈ, ಆದರೆ ಬರೆ.

ಅನು


ಮಾನ್ವಿ
16 ಮಾರ್ಚ್ 2025

ಅನುರಾಧಾ,

ನೀನು ಮೈಕ್ ಹಿಡಿದದ್ದು ಗೊತ್ತಾಯಿತು. ಪರ್ವೇಜ್ ಸರ್ ಅಲ್ಲಿದ್ದರು, ಈ ಸಲ ಪೂರ್ತಿ ಕೇಳಿಕೊಂಡು ಬಂದರು. ನೀನು ನನ್ನ ಶಾಲೆಯ ತನಕ ಬಂದು ನನ್ನ ಮುಖ ನೋಡದೆ ಹೋದದ್ದೂ ಗೊತ್ತಾಯಿತು. ಮೊದಲನೆಯದಕ್ಕೆ ನಿನ್ನ ಮೇಲೆ ಗೌರವ ಬಂತು. ಎರಡನೆಯದಕ್ಕೆ ಮತ್ತೆ ಸಿಟ್ಟು ಬಂತು.

ಹತ್ತನೆಯ ತರಗತಿ ಜೂನ್‌ನಿಂದ ನನ್ನದು. ನಿನ್ನ ಸಾಕ್ಷಿಯಿಂದ ಸಿಕ್ಕಿದ್ದಲ್ಲ. ನಾನೇ ಸೈಫುದ್ದೀನ್ ಸರ್ ಕೋಣೆಗೆ ಹೋಗಿ, ಗಾಳಿಮಾತು ಕೇಳಿ ಕಿತ್ತುಕೊಂಡದ್ದನ್ನು ಸತ್ಯ ಕೇಳಿದ ಮೇಲೂ ಯಾಕೆ ವಾಪಸು ಕೊಡುವುದಿಲ್ಲ ಎಂದು ಕೇಳಿದೆ. ದಿನಾ ಹೋಗಿ ಕೇಳಿದೆ. ಅವರು ಸುಸ್ತಾಗಿ ಒಪ್ಪಿದರು. ಹೆಣ್ಣುಮಕ್ಕಳಿಗೆ ಒತ್ತಡ ತಡೆಯಲಿಕ್ಕೆ ಆಗುವುದಿಲ್ಲ ಎಂದು ಈಗ ಹೇಳುವುದಿಲ್ಲ.

ಇನ್ನೊಂದು ಸುದ್ದಿ. ಈ ತಿಂಗಳು ಮತ್ತೊಂದು ಸಂಖ್ಯೆ ಸಿಕ್ಕಿದೆ. ಎಂಟು ಅಂಕಿಯದು. ಅದನ್ನೂ ನಟ್ಟನಡುವೆ ಕತ್ತರಿಸಿ, ಎರಡೂ ತುಂಡುಗಳನ್ನು ವರ್ಗ ಮಾಡಿ ಕೂಡಿದರೆ ಅದೇ ಬರುತ್ತದೆ. ಆಕಸ್ಮಿಕವಾಗಿ ಕಂಡದ್ದಲ್ಲ. ಯಾಕೆ ಹೀಗಾಗುತ್ತದೆ ಎಂಬ ಕಾರಣ ಹುಡುಕುತ್ತ ಹೋದೆ, ಕಾರಣ ಹತ್ತು ಕೋಟಿ ಒಂದರಲ್ಲೇ ಇತ್ತು. ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಇರುವುದೇ ಎರಡು ದಾರಿ. ಒಂದರಲ್ಲಿ ಹತ್ತು ಕೋಟಿ ಒಂದೇ ವಾಪಸು ಬರುತ್ತದೆ, ಇನ್ನೊಂದರಲ್ಲಿ ಹಳೆಯದೂ ಹೊಸದೂ ಎರಡೂ ಸಿಗುತ್ತವೆ. ಹಾಗಾಗಿ ಬಲಗಡೆ ನಾಲ್ಕಂಕಿ ಬಿಟ್ಟು ಕತ್ತರಿಸುವ ಇಂಥ ಸಂಖ್ಯೆ ಎಂಟು ಅಂಕಿಯ ಒಳಗೆ ಮೂರನೆಯದು ಇಲ್ಲ ಎಂದೂ ಸಾಧಿಸಿದೆ. ಒಂದು ಪುಟ ಸಾಕಾಯಿತು.

ಸಿಕ್ಕ ಕೂಡಲೇ ಹೊಸ ಹಾಳೆ ತೆಗೆದು ಮೇಲೆ ಅನು ಎಂದು ಬರೆದೆ. ಮುಂದೆ ಕೈ ಓಡಲಿಲ್ಲ. ಸಂಖ್ಯೆ ಬರೆಯಲೇ, ಬರೆದರೆ ಇದು ಎಲ್ಲಿಗೆ ಹೋಗುತ್ತದೆ, ಯಾರ ಎದುರಿಗೆ ಏನೆಂದು ಹೇಳುತ್ತಾಳೆ ಎಂದೆಲ್ಲ ಯೋಚಿಸುತ್ತ ಕೂತೆ. ನಿನಗೆ ಬರೆಯುವಾಗ ನಾನು ಯಾವತ್ತೂ ಯೋಚಿಸಿದವಳಲ್ಲ. ಹಾಳೆಯನ್ನು ಮಡಿಚಿ ಇಟ್ಟೆ.

ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿಯುತ್ತಿತ್ತು. ಪರ್ವೇಜ್ ಸರ್‌ಗೆ ತೋರಿಸಿದೆ. ಪೂರ್ತಿ ನೋಡಿದರು. "ಭಾಳ ಛಲೋ ಅದರೀ ಮೇಡಂ. ಇದು ಪರೀಕ್ಷಾದಾಗ ಬರ್ತದೇನ್ರೀ?" ಎಂದರು. ಒಳ್ಳೆಯ ಮನುಷ್ಯ. ಅವರನ್ನು ಏನೂ ಅನ್ನುವಂತಿಲ್ಲ. ಇಲ್ಲ ಸರ್ ಎಂದು ಹಾಳೆ ವಾಪಸು ತೆಗೆದುಕೊಂಡೆ.

ಅನು, ಈ ಜಿಲ್ಲೆಯಲ್ಲಿ ಅದನ್ನು ನೋಡಿ ಕುರ್ಚಿ ಬಿಟ್ಟು ಎದ್ದು ನಿಲ್ಲುವವಳು ನೀನೊಬ್ಬಳೇ. ನೀನು ಹಾಲ್‌ನಲ್ಲಿ ಸುಳ್ಳು ಹೇಳಿದ್ದನ್ನು ನಾನು ಒಂದು ದಿನ ಮರೆಯಬಹುದು. ಇದ್ದ ಒಬ್ಬಳಿಗೂ ಹೇಳಲಾರದಂತೆ ಮಾಡಿದೆಯಲ್ಲ, ನನ್ನ ಸಿಟ್ಟು ಅದಕ್ಕೆ.

ಆ ಸಂಖ್ಯೆ ಎಷ್ಟೆಂದು ಈ ಕಾಗದದಲ್ಲಿ ಬರೆದಿಲ್ಲ.

ಅರೀಬಾ